ಅಜ್ಜಿಯ ತನಕ ಒಂದೇ ಉಸಿರು

ಮಿಲ್ ಅಕ್ಕನ ಹುಬ್ಬು ನೋಡಿದರೆ ಸಾಕು, ಹಲಸೂರಿನ ಮಸಾಲೆ ಮಿಲ್ಲಿನಲ್ಲಿ ಅವತ್ತು ಏನು ಬೀಸಿದ್ದಾರೆಂದು ಹೇಳಬಹುದಿತ್ತು. ಮೆಣಸಿನಕಾಯಿ ಬೀಸಿದ ದಿನ ಹುಬ್ಬು ಕೆಂಪು, ಅರಿಸಿನ ಬೀಸಿದ ದಿನ ಹಳದಿ, ಧನಿಯಾ ದಿನ ಮಣ್ಣಿನ ಬಣ್ಣ. ಎಷ್ಟು ಸೋಪು ಉಜ್ಜಿದರೂ ಹುಬ್ಬು ಮಾತ್ರ ಬಣ್ಣ ಬಿಡುತ್ತಿರಲಿಲ್ಲ. ಅವರು ಸಂಜೆ ನಮ್ಮ ಮರ್ಫಿ ಟೌನ್ ಗಲ್ಲಿಯೊಳಗೆ ಕಾಲಿಟ್ಟರೆ ಮಹಡಿಯ ಮೇಲಿದ್ದ ನನಗೆ ಸೀನು ಬರುತ್ತಿತ್ತು.

ನಾನು ಹಾವೇರಿ ಕಡೆಯವಳು. ಆಫೀಸು ಕೆಲಸಕ್ಕೆಂದು ಬಂದು, ಅವರು ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆಗೆ ನಾನೂ ಬಾಡಿಗೆಗೆ ಸೇರಿದ ಹೊಸತರಲ್ಲೇ ಕಾಮಾಲೆ ಹಿಡಿದು ಮಲಗಿದೆ. ಗುರುತಿಲ್ಲ, ಪರಿಚಯವಿಲ್ಲ, ಈ ಹೆಂಗಸು ಹೊತ್ತು ಹೊತ್ತಿಗೆ ಗಂಜಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಲೋಟ ಖಾಲಿ ಮಾಡುವ ತನಕ ಎದುರಿಗೇ ಕೂತು ಬೈಯುತ್ತಿದ್ದರು. "ನಿಮ್ಮಮ್ಮ ಏನ್ ತಿನ್ನಿಸಿ ಬೆಳೆಸಿದ್ಳೇ ನಿನ್ನ? ಕಡ್ಡಿ ಥರ ಇದ್ದೀಯ!" ಬೈಯದೆ ಪ್ರೀತಿ ಮಾಡುವುದು ಅವರಿಗೆ ಗೊತ್ತೇ ಇರಲಿಲ್ಲ.

ಪ್ರೀತಿಯಿಲ್ಲದೆ ಬೈಯುತ್ತಿದ್ದುದು ಒಬ್ಬರನ್ನೇ, ಎದುರುಮನೆಯ ಹೂ ಕಟ್ಟುವಾಕೆಯನ್ನು. ಇಬ್ಬರಿಗೂ ಬೆಳಗಾದರೆ ನಲ್ಲಿ ಕಟ್ಟೆಯ ಹತ್ತಿರ ಜಗಳ. ಯಾಕೆ ಶುರುವಾಯಿತೆಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ. ಹಾಗಂತ ಒಂದು ದಿನವೂ ತಪ್ಪಿಸಿದವರಲ್ಲ.

ಮಿಲ್ಲಿನಲ್ಲಿದ್ದದ್ದು ಒಂದೇ ಕಿಟಕಿ. ಪುಡಿ ಹಾರಿ ಹೋಗುತ್ತದೆಂದು ಮಾಲೀಕ ಅದನ್ನೂ ಮುಚ್ಚಿಸಿದ್ದ. ಮೂಗಿಗೆ ಸೆರಗು ಕಟ್ಟಿಕೊಂಡು ವರ್ಷಗಟ್ಟಲೆ ದುಡಿದ ಅಕ್ಕನಿಗೆ ಮೊದಲು ಕೆಮ್ಮು ಹತ್ತಿತು, ಆಮೇಲೆ ರಾತ್ರಿಯೆಲ್ಲ ಎದೆಯಲ್ಲಿ ಸಿಳ್ಳೆ. ಇದು ಪುಡಿಯಿಂದ ಬಂದ ಆಸ್ತಮಾ, ಮಿಲ್ಲು ಬಿಡದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅಕ್ಕ ಬಿಡುವ ಮೊದಲು ಮಾಲೀಕನೇ ಬಿಡಿಸಿದ. "ರೆಸ್ಟ್ ತಗೊಳ್ಳಮ್ಮ" ಎಂದು ನಯವಾಗಿ ಹೇಳಿ ಮಾರನೆಯ ದಿನವೇ ಬೇರೆಯವಳನ್ನು ಸೇರಿಸಿಕೊಂಡ. ಗಂಡ ಇಲ್ಲ, ಮಕ್ಕಳಿಲ್ಲ. ಬಾಡಿಗೆ ಕಟ್ಟುವುದೋ ಔಷಧಿ ತರುವುದೋ ಎನ್ನುವ ಸ್ಥಿತಿ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಕ್ಕಾ, ಸುಮ್ನ ಕುಂದ್ರಬ್ಯಾಡ್ರಿ. ಪರಿಹಾರಕ್ಕ ಕೇಸ್ ಹಾಕೋಣು" ಎಂದೆ.

"ಅಯ್ಯೋ, ಊರವರ ಮುಂದೆ ಕಾಯಿಲೆ ಅಂತ ಹೇಳ್ಕೊಂಡ್ರೆ ಕಾಯಿಲೆಗೂ ಧೈರ್ಯ ಬಂದ್ಬಿಡತ್ತೆ ಕಣೇ!"

ಅದು ಅವರ ದೊಡ್ಡ ಸಿದ್ಧಾಂತ. ಇನ್‌ಹೇಲರನ್ನು ರವಿಕೆಯೊಳಗೆ ಬಚ್ಚಿಟ್ಟುಕೊಂಡು, ಕದ್ದು ಬೀಡಿ ಸೇದುವವರ ಹಾಗೆ ಬಾಗಿಲ ಹಿಂದೆ ನಿಂತು ಎಳೆಯುತ್ತಿದ್ದರು. ಅಂತೂ ಇಂತೂ ಒಪ್ಪಿಸಿದೆ. ಒಬ್ಬ ವಕೀಲರನ್ನು ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅರ್ಜಿ ಹಾಕಿಸಿದೆ. ಮೊದಲ ವಿಚಾರಣೆಯ ದಿನ ಅಕ್ಕ ಇಸ್ತ್ರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಹೊರಟವರಂತೆ ಬಂದರು.

ವಿಚಾರಣೆ ನಡೆಸುವ ಅಧಿಕಾರಿ ಒಳ್ಳೆಯ ಮನುಷ್ಯ. ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಹೇಗಿದೆಯಮ್ಮ ಆರೋಗ್ಯ?"

"ದೇವರ ದಯೆ, ಚೆನ್ನಾಗಿದ್ದೀನಿ ಸಾರ್. ನಿಮ್ಮನೇಲೆಲ್ಲಾ ಚೆನ್ನಾಗಿದ್ದಾರಾ?"

ಮಾಲೀಕನ ಕಡೆಯ ವಕೀಲ ಕುರ್ಚಿಯಿಂದ ಎದ್ದೇಬಿಟ್ಟ. "ಬರ್ಕೊಳ್ಳಿ ಸಾರ್, ಇದನ್ನ ಬರ್ಕೊಳ್ಳಿ!" ನಾನು ಹಣೆ ಹಣೆ ಚಚ್ಚಿಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. "ದೊಡ್ಡೋರು ಕೇಳಿದ್ರು, ಮರ್ಯಾದೆಗೆ ಹೇಳಿದೆ. ತಪ್ಪಾ?" ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮುಂದಿನ ಸಲ ಡಾಕ್ಟರ ಚೀಟಿ ಕೊಟ್ಟೆವು. ಆಗ ಆ ವಕೀಲ ಇನ್ನೊಂದು ರಾಗ ತೆಗೆದ. ಆಸ್ತಮಾ ಇರಬಹುದು, ಆದರೆ ಹುಟ್ಟಿನಿಂದಲೇ ಬಂದದ್ದು, ಮಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ ಎಂದ. ಮಿಲ್ಲು ಸೇರುವ ಮೊದಲು ಅಕ್ಕನ ಉಸಿರು ಗಟ್ಟಿಯಾಗಿತ್ತೆಂದು ಈಗ ಯಾರಾದರೂ ಸಾಕ್ಷಿ ಹೇಳಬೇಕು. ಬಂಧುಗಳೋ ಸ್ನೇಹಿತರೋ ಹೇಳಿದರೆ ಪಕ್ಷಪಾತ ಅನ್ನುತ್ತಾರೆ ಎಂದರು ನಮ್ಮ ವಕೀಲರು. ನನಗೆ ತಟ್ಟನೆ ಹೊಳೆಯಿತು. ಅಕ್ಕನಿಗೆ ತಿಳಿಸದೆ ಎದುರುಮನೆಗೆ ಹೋದೆ.

ಹೂ ಕಟ್ಟುವಾಕೆ ತಲೆಯೆತ್ತದೆ ಹೇಳಿದಳು. "ಬರ್ತೀನಿ. ಅವಳಿಗೋಸ್ಕರ ಅಲ್ಲ. ಆ ಮಿಲ್ಲಿನೋನು ನನ್ ಜಗಳಾನೇ ಹಾಳ್ ಮಾಡ್ಬಿಟ್ಟ, ಅದಕ್ಕೆ."

ವಿಚಾರಣೆಯಲ್ಲಿ ಆಕೆಯನ್ನು ನೋಡಿ ಅಕ್ಕನ ಮುಖ ಕಪ್ಪಿಟ್ಟಿತು. ಮಾಲೀಕನ ವಕೀಲ ಕೇಳಿದ, "ನೀವು ಇವರ ಫ್ರೆಂಡಾ?"

"ಥೂ! ಯಾರ್ರೀ ಹಂಗಂದಿದ್ದು?" ಎಂದಳು ಆಕೆ. ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಮಿಲ್ಲಿಗೆ ಸೇರೋಕ್ ಮುಂಚೆ ಇವಳು ಒಂದೇ ಉಸಿರಲ್ಲಿ ನನ್ನಿಂದ ಶುರು ಮಾಡಿ, ನಮ್ಮಮ್ಮನ್ನ ಬೈದು, ನಮ್ಮಜ್ಜಿ ತನಕ ಹೋಗೋಳು. ಈಗ ನಮ್ಮಮ್ಮನ ಹತ್ರ ಬರೋ ಅಷ್ಟರಲ್ಲಿ ಏದುಸಿರು ಬಿಡ್ತಾ ಕಟ್ಟೆ ಮೇಲೆ ಕೂತ್ಬಿಡ್ತಾಳೆ. ಇದೂ ಒಂದು ಜಗಳಾನಾ ಸಾರ್? ಬೀದಿ ನಾಯೀನೂ ತಿರುಗಿ ನೋಡಲ್ಲ."

ಅಧಿಕಾರಿ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು. ಅಕ್ಕ ಮಾತ್ರ ಸೆರಗು ಸಿಕ್ಕಿಸಿ ಎದ್ದರು. ಕಾಯಿಲೆ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ, ಜಗಳ ಬರುವುದಿಲ್ಲ ಎಂದರೆ ಹೇಗೆ ಸಹಿಸಿಯಾರು?

"ಏನೇ ಅಂದೆ? ನಿಮ್ಮ ಮುತ್ತಜ್ಜಿ ತನಕ ಹೋಗ್ತೀನಿ, ನೋಡ್ತೀಯಾ? ನೀನೊಬ್ಬಳು ಗಯ್ಯಾಳಿ, ನಿಮ್ಮಮ್ಮ..."

ಅಮ್ಮನ ಹತ್ತಿರ ಉಸಿರು ನಿಂತಿತು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಎದೆಯ ಸಿಳ್ಳೆ ಇಡೀ ಕೋಣೆಗೆ ಕೇಳಿಸಿತು. ನಾನು ನೀರಿಗೆಂದು ಚೀಲ ತಡಕಾಡುವಷ್ಟರಲ್ಲಿ ಹೂ ಕಟ್ಟುವಾಕೆ ಹಾರಿ ಬಂದು ಅಕ್ಕನ ರವಿಕೆಯೊಳಗಿಂದ ಇನ್‌ಹೇಲರ್ ತೆಗೆದು ಬಾಯಿಗಿಟ್ಟಳು. ಅದು ಎಲ್ಲಿರುತ್ತದೆಂದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. "ಎಳ್ಕೊಳೇ. ಆಮೇಲ್ ಬೈಯೋವಂತೆ. ನಾನೆಲ್ಲಿ ಓಡಿ ಹೋಗ್ತೀನಿ?" ಎಂದು ಬೆನ್ನು ನೀವಿದಳು. ಯಾರೂ ನಗಲಿಲ್ಲ. ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡರು.

ಪರಿಹಾರ ಸಿಕ್ಕಿತು. ಆದೇಶ ಓದಿದ ದಿನ ಅಕ್ಕ ನಮ್ಮ ವಕೀಲರ ಕಿವಿಯಲ್ಲಿ ಮೆಲ್ಲಗೆ ಕೇಳಿದರು, "ಇನ್ಮೇಲೆ ಚೆನ್ನಾಗಿದ್ದೀನಿ ಅನ್ನಬಹುದಾ ಸಾರ್?"

ಮಿಲ್ಲು ಬಿಟ್ಟ ಮೇಲೆ ಅವರ ಹುಬ್ಬು ಮೆಲ್ಲಮೆಲ್ಲಗೆ ಬಣ್ಣ ಬಿಟ್ಟಿತ್ತು. ಅದು ಪೂರಾ ಬೆಳ್ಳಗಿದೆಯೆಂದು ನಾನು ಆಗಲೇ ಕಂಡದ್ದು. ಜಗಳ ಮಾತ್ರ ಹೊಸ ಪದ್ಧತಿಯಲ್ಲಿ ಮುಂದುವರಿಯಿತು. ಅಕ್ಕ ಅಮ್ಮನ ತನಕ ಬೈದು ಇನ್‌ಹೇಲರ್ ಎಳೆಯುವಾಗ ಹೂ ಕಟ್ಟುವಾಕೆ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಆಮೇಲೆ ಅಜ್ಜಿಯ ಸರದಿ. ಹೀಗೆ ನಾಲ್ಕಾರು ವರ್ಷ ನಡೆಯಿತು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದ್ದಕ್ಕೂ ಚೆನ್ನಾಗಿದ್ದೀನಿ ಅಂದಿದ್ದರು. ನನಗೆ ಈ ಊರಿನಲ್ಲಿ ತಾಯಿಯಾದವರು ಅವರು.

ಮೊನ್ನೆ ನಲ್ಲಿ ಹತ್ತಿರ ಹೊಸದಾಗಿ ಬಂದ ಬಾಡಿಗೆಯವಳು ಕೊಡ ಮುಂದಿಟ್ಟಳೆಂದು ಹೂ ಕಟ್ಟುವಾಕೆ ರೇಗಿದಳು. ಅವಳನ್ನು ಬೈದು, ಅವಳ ಅಮ್ಮನ ತನಕ ಬಂದವಳು ಅಲ್ಲಿಗೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಅಕ್ಕನ ಮನೆಯ ಬಾಗಿಲ ಕಡೆ ನೋಡುತ್ತಾ ಸುಮ್ಮನೆ ನಿಂತುಬಿಟ್ಟಳು. ಜಗಳ ಮುಗಿಯಿತೆಂದುಕೊಂಡು ಹೊಸಬಳು ಕೊಡ ತುಂಬಿಸಿಕೊಂಡು ಹೋದಳು. ನನಗೆ ಅಳು ತಡೆಯಲಾಗಲಿಲ್ಲ. ಆಕೆ ಇನ್ನೂ ಕಾಯುತ್ತಲೇ ಇದ್ದಳು.