ದೊಡ್ಡ ಬಸ್ಸಿನಲ್ಲಿ ಅವ್ವ

ಇಲ್ಲಿ ಪ್ರವಾಸದ ಹೊತ್ತು ಗೊತ್ತು ಮಾಡುವುದು ಹಸು. ಕೋಲಾರ ತಾಲ್ಲೂಕಿನ ಕ್ಯಾಲನೂರಿಗೆ ನರ್ಸಾಗಿ ಬಂದ ಹೊಸದರಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ತಮಾಷೆ ಎಂದುಕೊಳ್ಳುತ್ತಿದ್ದೆ. ನಮ್ಮ ಗದಗ ಜಿಲ್ಲೆಯ ರೋಣದ ಕಡೆ ಪ್ರವಾಸ ಎಂದರೆ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವುದು, ಬಂದಾಗ ಬಂದೆವು. ಇಲ್ಲಿ ಬೆಳಗಿನ ಹಾಲನ್ನು ಡೈರಿಗೆ ಹಾಕಿದ ಮೇಲೆ ಬಸ್ಸು ಹೊರಡಬೇಕು, ಸಂಜೆಯ ಹಾಲು ಕರೆಯುವ ಹೊತ್ತಿಗೆ ಊರು ಸೇರಬೇಕು. ಅಷ್ಟರೊಳಗೆ ಎಷ್ಟು ದೇವರು ಸಿಗುತ್ತಾರೋ ಅಷ್ಟು.

ನಾನು ಬಂದು ಎರಡು ವರ್ಷದ ಮೇಲಾಯಿತು. ನಾರಾಯಣಮ್ಮ ಎಂಬವರ ಮನೆಯ ಮಹಡಿಯಲ್ಲಿ ಒಂದು ರೂಮು. ಕೆಳಗೆ ಅವರು, ಮಗ ಸೊಸೆ, ಎರಡು ಸೀಮೆ ಹಸು. ಮೊದಲ ದಿನ ಊಟಕ್ಕೆ ಕರೆದು ಮುದ್ದೆ ಬಡಿಸಿದರು. ನಾನು ಅಗಿದೆ. ಮನೆಮಂದಿಯೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಅಗೀಬಾರ್ದಮ್ಮ, ಸಾರಲ್ಲಿ ಅದ್ದಿ ನುಂಗ್ಬಿಡು," ಎಂದರು ನಾರಾಯಣಮ್ಮ. ಜೋಳದ ರೊಟ್ಟಿ ಕಡಿದು ಬೆಳೆದ ಹಲ್ಲಿಗೆ ಕೆಲಸವೇ ಇಲ್ಲದ ಊಟ ಅದು. ಈಗ ನುಂಗುತ್ತೇನೆ, ಚೆನ್ನಾಗಿಯೇ ನುಂಗುತ್ತೇನೆ, ಆದರೂ ಉಂಡ ಮೇಲೆ ಉಂಡೆ ಅನಿಸುವುದಿಲ್ಲ.

ಮಾತಿನದು ಇನ್ನೊಂದು ಕಥೆ. ನನ್ನ ಹತ್ತಿರ ಎಲ್ಲರೂ ಕನ್ನಡವೇ. ಆದರೆ ನಾಲ್ಕು ಜನ ಸೇರಿದರೆ ಕನ್ನಡದಲ್ಲಿ ಶುರುವಾದ ಮಾತು ರುಚಿ ಹತ್ತುವ ಹೊತ್ತಿಗೆ ತೆಲುಗಿಗೆ ಹೊರಳುತ್ತದೆ. ನಗು ಬರುವುದು ಯಾವಾಗಲೂ ತೆಲುಗಿನಲ್ಲಿ. ಎಲ್ಲರೂ ನಕ್ಕು ಮುಗಿಸುವವರೆಗೆ ನಾನು ಬಿಪಿ ಮಿಷನ್ನಿನ ಪಟ್ಟಿ ಸುತ್ತುತ್ತ ಕೂತಿರುತ್ತೇನೆ. ಕೂತಲ್ಲಿ ಕೂರಲಾಗದ ಚಾಳಿ ನನಗೆ ಹುಟ್ಟಿನಿಂದಲೇ ಇತ್ತು. ಇಲ್ಲಿಗೆ ಬಂದ ಮೇಲೆ ಅದಕ್ಕೆ ಕಾಲು ಬಂದಿದೆ. ಸಂಜೆ ಡ್ಯೂಟಿ ಮುಗಿದರೆ ರಸ್ತೆಗೆ ಹೋಗಿ ಚಿಂತಾಮಣಿ ಬಸ್ಸು ಬರುವುದನ್ನು ನೋಡಿ ವಾಪಸು ಬರುತ್ತೇನೆ. ಹತ್ತುವುದೇನೂ ಇಲ್ಲ.

ಊರ ಕಡೆ ವರ್ಗಾವಣೆ ಕೇಳಿ ಅರ್ಜಿ ತುಂಬಿ ಇಟ್ಟಿದ್ದೆ. ಕೋಲಾರದ ಆಫೀಸಿಗೆ ಕೊಡಲು ಆ ಸೋಮವಾರವೇ ಕಡೆಯ ದಿನ. ಅದರ ಹಿಂದಿನ ಗುರುವಾರ ಅವ್ವ ಬಂದಳು. ಅವಳಿರುವುದು ಅಣ್ಣ, ಅತ್ತಿಗೆ, ಅವರ ಎರಡು ಹೆಣ್ಣುಮಕ್ಕಳ ಜೊತೆ. ಎಂದೂ ಒಬ್ಬಳೇ ಊರು ಬಿಟ್ಟವಳಲ್ಲ. "ನಿನ್ನ ನೋಡಬೇಕು ಅನಿಸೈತಿ," ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ನನ್ನನ್ನು ಕರೆದುಕೊಂಡು ಹೋಗಲು ಬರುತ್ತಿದ್ದಾಳೆ, ಅರ್ಜಿ ಕೊಟ್ಟೆಯಾ ಎಂದು ಕೇಳುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಅವಳು ಬಂದು ಮೂರು ದಿನವಾದರೂ ಕೇಳಲಿಲ್ಲ. ಸುಮ್ಮನೆ ನನ್ನ ರೂಮು, ಒಲೆ, ಒಣಗಿದ ಬಟ್ಟೆ ಎಲ್ಲ ನೋಡುತ್ತಿದ್ದಳು.

ಭಾನುವಾರ ಅವಳಿಗೆ ಏನಾದರೂ ತೋರಿಸಬೇಕಿತ್ತು. ದಾರಿ ಎರಡಿತ್ತು. ಶ್ರೀನಿವಾಸಪುರದ ಆಸ್ಪತ್ರೆಯಲ್ಲಿರುವ ಶೈಲಾ, ನಮ್ಮ ಗದಗಿನವಳು, ನಮ್ಮ ಕಡೆಯ ನರ್ಸುಗಳನ್ನೆಲ್ಲ ಸೇರಿಸಿ ಎಂಟು ಸೀಟಿನ ಗಾಡಿ ಗೊತ್ತು ಮಾಡಿದ್ದಳು. ಮಾಲೂರು ಕಡೆಯ ಟೇಕಲ್ ಗುಡ್ಡ, ನೆರಳು ನೋಡಿ ರೊಟ್ಟಿ ಬುತ್ತಿ, ಸಾಕೆನಿಸಿದಾಗ ವಾಪಸು. ಅದೇ ಭಾನುವಾರ ನಮ್ಮ ಬೀದಿಯ ಹೆಂಗಸರ ದೊಡ್ಡ ಬಸ್ಸು: ಕುರುಡುಮಲೆ ಗಣಪ, ಆವನಿ ಬೆಟ್ಟ, ಕೋಟಿಲಿಂಗ. ಐವತ್ತು ಜನ, ಮೈಕಿನಲ್ಲಿ ಹಾಡು, ಒಂದೊಂದು ಕಡೆ ಅರ್ಧ ಗಂಟೆ.

ಮೊಣಕಾಲು ನೋವಿನ ಅವ್ವನಿಗೆ ಸಣ್ಣ ಗಾಡಿಯೇ ಸರಿ ಎಂದು ಯಾರಾದರೂ ಹೇಳುತ್ತಾರೆ. ಬೇಕೆಂದಲ್ಲಿ ನಿಲ್ಲಿಸಬಹುದು, ಯಾರಿಗೂ ಕಾಯಬೇಕಿಲ್ಲ, ಮಾತಾಡಲು ನಮ್ಮದೇ ಮಾತು. ಆದರೆ ಶೈಲಾಳ ಗಾಡಿಯಲ್ಲಿ ನಾನು ಹಿಂದೆ ಎರಡು ಸಲ ಹೋಗಿದ್ದೆ. ಎಂಟು ಜನರಲ್ಲಿ ಒಬ್ಬಳ ಮುಖ ಸಣ್ಣದಾದರೆ ಇಡೀ ಗಾಡಿಯೇ ಸಣ್ಣದಾಗುತ್ತದೆ. ಹೊರಟಾಗ ನಗು, ಅರ್ಧ ದಾರಿಗೆ ವರ್ಗಾವಣೆಯ ಮಾತು, ತಿರುಗಿ ಬರುವಾಗ ಒಬ್ಬೊಬ್ಬರಾಗಿ ಕಣ್ಣೊರೆಸಿಕೊಳ್ಳುವುದು. ದೊಡ್ಡ ಬಸ್ಸಿನಲ್ಲಿ ನೂಕುನುಗ್ಗಲು, ಅವಸರ, ಗಲಾಟೆ ನಿಜ. ಕಿಟಕಿ ಪಕ್ಕ ಮುಖ ಗಂಟು ಹಾಕಿ ಕೂತರೂ ಯಾರೂ ಏನೆಂದು ಕೇಳುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಶನಿವಾರ ನಾರಾಯಣಮ್ಮ ಮೆಟ್ಟಿಲು ಹತ್ತಿ ಬಂದು, "ನರ್ಸಮ್ಮ, ನಿಮ್ಮಮ್ಮಂಗೆ ಮುಂದ್ಗಡೆ ಸೀಟು ಇಟ್ಟಿದ್ದೀನಿ. ಹಿಂದ್ಗಡೆ ಎತ್ತಾಕ್ತದೆ, ಕಾಲು ನೋವು ಜಾಸ್ತಿ ಆಗ್ತದೆ," ಎಂದರು. ಆಗಲಿ ಎಂದು ಒಪ್ಪಿಕೊಂಡೆ. ಶೈಲಾ ಫೋನಿನಲ್ಲಿ, "ನಿಮ್ಮವ್ವನ್ನ ಆ ಸಂತ್ಯಾಗ ಯಾಕ ಒಯ್ತಿ?" ಎಂದು ಬೈದಳು.

ಬಸ್ಸು ಹತ್ತಿದ ಹತ್ತು ನಿಮಿಷಕ್ಕೆ ಅವ್ವ ನನ್ನ ಕೈತಪ್ಪಿ ಆ ಹೆಂಗಸರ ಪಾಲಾದಳು. ಅತ್ತಿತ್ತ ಕೂತವರೆಲ್ಲ ತಮ್ಮ ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಅವಳಿಗೆ ಹೇಳತೊಡಗಿದರು. "ನಿಮ್ಮ ಮಗಳು ಬೈದ್ರೆ ಸಾಕು, ಬಿಪಿ ತಾನೇ ಇಳೀತದೆ," ಎಂದು ಒಬ್ಬಾಕೆ ಅಂದರೆ ಬಸ್ಸೆಲ್ಲ ನಗು. ಅವ್ವನೂ ನಕ್ಕಳು. ನನಗೆ ಮಾತ್ರ ಕಸಿವಿಸಿ. ಅವಳ ಕಾಲು ಊದುತ್ತದೋ, ನೀರು ಕುಡಿದಳೋ, ಚಿತ್ರಾನ್ನ ಸೇರಿತೋ ಎಂದು ಎದ್ದು ಎದ್ದು ನೋಡುತ್ತಿದ್ದೆ.

ಪ್ರತಿ ನಿಲ್ದಾಣದಲ್ಲೂ ಹೊರಡುವ ಮುಂಚೆ ನಾರಾಯಣಮ್ಮ ಬಾಗಿಲಲ್ಲಿ ನಿಂತು ಎಣಿಸುತ್ತಾರೆ. ಇಲ್ಲಿ ತಲೆ ಎಣಿಸುವ ರೂಢಿಯಿಲ್ಲ, ಮನೆ ಎಣಿಸುತ್ತಾರೆ. "ಮೇಷ್ಟ್ರ ಮನೆ?" ಬಂದ್ವಿ. "ಅಂಗಡಿ ಮನೆ?" ಬಂದ್ವಿ. ಆಯಾ ಮನೆಯವರ ಜವಾಬ್ದಾರಿ ಆಯಾ ಮನೆಯವರದು. ಆವನಿಯಲ್ಲಿ ಎಣಿಸುವಾಗ "ನರ್ಸಮ್ಮನ ಮನೆ?" ಎಂದರು. ನಾನು ತಿರುಗಿ ನೋಡಿದರೆ ಅವ್ವನ ಸೀಟು ಖಾಲಿ.

ಕೋಟಿಲಿಂಗ ಇನ್ನೂ ಬಾಕಿ ಇತ್ತು. ಬಿಸಿಲು ಆಗಲೇ ಇಳಿಮುಖ. ಡ್ರೈವರ್ ಹಾರ್ನ್ ಹೊಡೆದ. "ಪದಂಡಿ, ಪದಂಡಿ," ನಡೀರಿ ನಡೀರಿ ಎಂದು ಹಿಂದಿನಿಂದ ಕೂಗು. ಹುಡುಕಲು ಓಡಿದೆ. ಗುಡಿಯಲ್ಲಿಲ್ಲ, ಅಂಗಡಿ ಸಾಲಿನಲ್ಲಿಲ್ಲ. ಫೋನು ಅವಳ ಚೀಲದಲ್ಲಿ, ಚೀಲ ಬಸ್ಸಿನಲ್ಲಿ. ವಾಪಸು ಬಂದಾಗ ಹೆಂಗಸರೆಲ್ಲ ಫೋನಿನಲ್ಲಿ ಹೊತ್ತು ನೋಡುತ್ತಿದ್ದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅನ್ನುವ ಹಾಗೆ ಅವ್ವ ತಪ್ಪಿಸಿಕೊಂಡಿದ್ದಕ್ಕೆ ಇವರ ಹಸುಗಳಿಗೆ ಶಿಕ್ಷೆ. ನಾಚಿಕೆಯಾಗಿ, "ನೀವು ಹೋಗಿ, ನಾವು ಬೇರೆ ಬಸ್ಸಿಗೆ ಬರ್ತೀವಿ," ಎಂದೆ.

ನಾರಾಯಣಮ್ಮನಿಗೆ ಸಿಟ್ಟೇ ಬಂತು. "ಏನ್ ಮಾತಂತ ಆಡ್ತೀರ ನರ್ಸಮ್ಮ? ಒಂದು ಮನೇನ ಬಿಟ್ಬಿಟ್ಟು ಹೋಗ್ತಾರಾ ಯಾರಾದ್ರೂ? ಹಸು ಕಾಯ್ತದೆ ಬಿಡಿ."

"ನಿಮ್ಮ ಹಸು ಬೇರೆಯವರ ಕೈಗೆ ಹಾಲು ಕೊಡಲ್ಲವಲ್ಲ?"

"ಕೊಡಲ್ಲ, ಒದೀತದೆ. ಅದಕ್ಕೇನೀಗ? ಬನ್ನಿ, ಹುಡುಕೋಣ."

ಮೂರ್ನಾಲ್ಕು ಜನ ಇಳಿದು ಬಂದರು. ಬೆಟ್ಟದ ಬುಡದಲ್ಲಿ ದೊಡ್ಡ ಬಂಡೆಯ ನೆರಳಿಗೆ ಅವ್ವ ಕೂತಿದ್ದಳು. ಪಕ್ಕದಲ್ಲಿ ಯಾವುದೋ ಊರಿನ ಮುದುಕಿ, ತೆಲುಗು ಬಿಟ್ಟರೆ ಬೇರೆ ಬಾರದವರು. ಇಬ್ಬರೂ ಕಾಲು ಚಾಚಿಕೊಂಡು ಮೊಣಕಾಲು ಮುಟ್ಟಿ ಮುಟ್ಟಿ ತೋರಿಸುತ್ತ ಹರಟುತ್ತಿದ್ದರು. "ಈಕೀದೂ ನನ್ನಂಗ ಎಡಗಾಲಾ ನೋಡ," ಎಂದಳು ಅವ್ವ, ಏನೂ ಆಗಿಲ್ಲವೆಂಬಂತೆ. ನಾನು ಎಲ್ಲರೆದುರು ಅವಳ ಮೇಲೆ ಕೂಗಾಡಿದೆ. ಅದೊಂದು ಇನ್ನೂ ಚುಚ್ಚುತ್ತದೆ.

ಕೋಟಿಲಿಂಗ ತಪ್ಪಿತು. ಕೋಲಾರದ ಹತ್ತಿರ ಟ್ರಾಫಿಕ್ಕು. ಊರು ಸೇರಿದಾಗ ಡೈರಿಯ ಬಾಗಿಲು ಹಾಕಿಯಾಗಿತ್ತು. ನಾರಾಯಣಮ್ಮ ಸೀರೆ ಕೂಡ ಬದಲಿಸದೆ ಕೊಟ್ಟಿಗೆಗೆ ನಡೆದರು. ಆ ಸಂಜೆ ಬೀದಿಯಲ್ಲಿ ಪ್ರತಿ ಮನೆಯಲ್ಲೂ ಹಾಕಲಾಗದೆ ಉಳಿದ ಹಾಲು ಕಾಯುವ ವಾಸನೆ. ನಮಗೂ ಒಂದು ತಂಬಿಗೆ ಬಂತು. ಒಬ್ಬರಾದರೂ ಒಂದು ಮಾತು ಅನ್ನಲಿ ಎಂದು ಕಾದೆ, ಯಾರೂ ಅನ್ನಲಿಲ್ಲ.

ಸೋಮವಾರ ಬೆಳಗ್ಗೆ ಅವ್ವನನ್ನು ಕೋಲಾರದ ಬಸ್‌ಸ್ಟ್ಯಾಂಡಿಗೆ ಕರೆತಂದೆ. ಬೆಂಗಳೂರಿನಲ್ಲಿ ಸೋದರಮಾವನ ಮಗ ರೈಲು ಹತ್ತಿಸುವವನಿದ್ದ. "ಅರ್ಜಿ ಚೀಲದಾಗ ಐತಿ ಅವ್ವಾ. ನಿನ್ನ ಕಳಿಸಿ ಸೀದಾ ಆಫೀಸಿಗೆ ಹೋಗಿ ಕೊಡ್ತೀನಿ," ಎಂದೆ. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ.

ಅವಳು ಸೆರಗು ಸರಿ ಮಾಡಿಕೊಂಡಳು. "ನಿನ್ನ ಖೋಲಿ ನಿಮ್ಮಣ್ಣ ಹುಡುಗ್ಯಾರಿಗೆ ಮಾಡಿಕೊಟ್ಟಾನ. ಓದಾಕ ಅವಕ್ಕೂ ಜಾಗಾ ಬೇಕಲ್ಲ. ನೀ ಹಬ್ಬಕ್ಕ ಬಾ, ಹದಿನೈದ ದಿನ ಇರು. ಕಾಯಂ ಬರ್ತೀನಿ ಅಂದ್ರ ಎಲ್ಲಿ ಇಟ್ಟುಕೊಳ್ಳಲಿ ನಿನ್ನ?"

"ಇದನ್ನ ಹೇಳಾಕ ಅಷ್ಟು ದೂರದಿಂದ ಬಂದ್ಯಾ?"

"ಹೇಳಾಕ ಅಲ್ಲ. ಹೇಳಬಹುದೋ ಬ್ಯಾಡೋ ನೋಡಾಕ ಬಂದೆ. ನಿನ್ನಿ ಆ ಬಸ್ಸಿನ್ಯಾಗ ನೋಡಿದೆ. ನಮ್ಮ ಸಲುವಾಗಿ ಆ ಮಂದಿ ದನಾ ಕಾಯಿಸಿದ್ರು. ಹೇಳಬಹುದು ಅನಿಸ್ತು."

ಬಸ್ಸು ಬಂತು. ಹತ್ತಿಸಿದೆ. ಕಿಟಕಿಯಿಂದ ಅವಳು ಕೈ ಚಾಚಿದಳು, ನಾನು ಹಿಡಿಯಲಿಲ್ಲ. ಅವತ್ತು ಶೈಲಾಳ ಗಾಡಿಯಲ್ಲಿ ಹೋಗಿದ್ದರೆ ಅವ್ವ ನಮ್ಮೆಲ್ಲರ ಅಳುಮುಖ ನೋಡುತ್ತಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬಾ ಮಗಾ, ಹೆಂಗರ ಇರೂಣಂತ ಅನ್ನುತ್ತಿದ್ದಳು. ನಾನೂ ಹೋಗಿಬಿಡುತ್ತಿದ್ದೆ, ಏನೂ ತಿಳಿಯದೆ. ಒಂದು ಸೀಟಿನ ಆಯ್ಕೆ ಇಷ್ಟು ದೂರ ಒಯ್ಯುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅರ್ಜಿ ಕೊಡಲಿಲ್ಲ. ಕ್ಯಾಲನೂರು ನನ್ನ ಊರಾಯಿತು ಎಂದು ಇದರ ಅರ್ಥವಲ್ಲ. ನಾರಾಯಣಮ್ಮನ ಅಂಗಳದಲ್ಲಿ ತೆಲುಗಿನ ನಗು ಎದ್ದಾಗ ನಾನು ಇವತ್ತಿಗೂ ಹೊರಗಿನವಳೇ. ಇಷ್ಟು ದಿನ ರೋಣಕ್ಕೆ ಹೊರಟರೆ ಹೋಗುವ ಟಿಕೆಟ್ ಮಾತ್ರ ತೆಗೆಸುತ್ತಿದ್ದೆ. ಬರುವುದರ ಮಾತು ಹಬ್ಬ ಮುಗಿದ ಮೇಲೆ, ಬೈದುಕೊಳ್ಳುತ್ತ. ಈ ದೀಪಾವಳಿಗೆ ಎರಡನ್ನೂ ಒಟ್ಟಿಗೆ ತೆಗೆಸಿದೆ. ಫೋನಿನಲ್ಲಿ ಅವ್ವ ಎಷ್ಟು ದಿನ ಇರುತ್ತೀಯ ಎಂದು ಕೇಳಿದಳು. ಹೇಳಿದೆ. ಅವಳು ಅಷ್ಟೇನಾ ಎಂದು ಅತ್ತಳು.