ಬಯಾನಿನ ಕೆಳಗಿದ್ದ ಸಾಲು

ಇಂಥ ವಿಷಯಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಆಳಂದದ ನಮ್ಮ ಮನೆಯಲ್ಲಿ ಯಾರಾದರೂ ಗಾಳಿ ಸೋಕಿತು, ಅಪಶಕುನವಾಯಿತು ಎಂದರೆ ಮೊದಲು ನಗುತ್ತಿದ್ದವನು ನಾನೇ. ಅಫಜಲಪುರದಲ್ಲಿ ನಾಲ್ಕು ವರ್ಷ, ಆಮೇಲೆ ಜೇವರ್ಗಿಯಲ್ಲಿ, ತಹಸೀಲ ಕಚೇರಿಯ ಗುಮಾಸ್ತನಾಗಿ ದಿನವಿಡೀ ಕಾಗದ ನೋಡಿದವನು. ಕಾಗದದ ಮೇಲಿರುವುದೆಲ್ಲ ಮನುಷ್ಯ ತಿಳಿದು ಬರೆದದ್ದೇ ಎಂದು ನಂಬಿದ್ದೆ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಬುದ್ಧಿ ಕೆಟ್ಟ ಸ್ಥಿತಿಯಲ್ಲಿ ಕೊಲೆ ಮಾಡಿದವರನ್ನು ಕೋರ್ಟು ಹುಚ್ಚರ ದವಾಖಾನೆಗೆ ಕಳಿಸುತ್ತಿತ್ತು. ಅಂಥವನೊಬ್ಬ ಸುಧಾರಿಸಿದ್ದಾನೆಂದು ಡಾಕ್ಟರು ಬರೆದರೆ, ಅವನ ಊರಿಗೆ ಹೋಗಿ ವಿಚಾರಿಸುವ ಕೆಲಸ ನಮ್ಮ ಕಚೇರಿಗೆ ಬರುತ್ತಿತ್ತು. ಮನೆಯವರು ಅವನನ್ನು ಕರೆದುಕೊಳ್ಳುತ್ತಾರೆಯೇ, ಊರವರಿಗೆ ಅಂಜಿಕೆ ಇದೆಯೇ, ಮುಂದಿನ ಜವಾಬ್ದಾರಿ ಯಾರದು ಎಂದು ಕೇಳಿ ಅವರ ಹೇಳಿಕೆ, ಅಂದರೆ ಬಯಾನು, ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಮೇಲಿನವರಿಗೆ ಕಳಿಸಬೇಕು. ಆ ಕಡತಗಳನ್ನು ನನಗೆ ವಹಿಸಿದ್ದರು.

ಇಜೇರಿಯ ಶಿವಶರಣಪ್ಪನ ಕಡತ ಹಾಗೆ ಬಂತು. ಆರು ವರ್ಷಗಳ ಹಿಂದೆ ಅವನು ಸ್ವಂತ ಅಕ್ಕನ ಗಂಡನನ್ನು ಕೊಡಲಿಯಿಂದ ಹೊಡೆದು ಕೊಂದಿದ್ದ. ಆಮೇಲೆ ಹೆಣದ ಪಕ್ಕದಲ್ಲೇ ಕುಳಿತು, ಬಂದವರನ್ನೆಲ್ಲ "ಮಾವ ಯಾಕ ಏಳವಲ್ಲ?" ಎಂದು ಕೇಳುತ್ತಿದ್ದನಂತೆ. ಈಗ ಎರಡು ವರ್ಷದಿಂದ ಶಾಂತನಾಗಿದ್ದಾನೆ, ಬಿಡಬಹುದು ಎಂದು ಡಾಕ್ಟರು ಬರೆದಿದ್ದರು. ಅವನಿಗೆ ಇದ್ದವಳು ಆ ಅಕ್ಕ ಒಬ್ಬಳೇ. ಹೆಸರು ನೀಲಮ್ಮ. ಮಕ್ಕಳಿರಲಿಲ್ಲ.

ಇಜೇರಿಯ ಚಾವಡಿಯಲ್ಲಿ ಒಂದು ಮಧ್ಯಾಹ್ನ ಅವಳ ಬಯಾನು ತೆಗೆದುಕೊಂಡೆ. ಪೊಲೀಸ್ ಪಾಟೀಲರೂ ಇಬ್ಬರು ಹಿರಿಯರೂ ಇದ್ದರು. ಪಾಟೀಲರು ನೇರವಾಗಿಯೇ ಕೇಳಿದರು: "ನಿನ್ನ ಗಂಡನ್ನ ಕೊಂದವ ಅಂವ. ಮನಿಯೊಳಗ ಇಟ್ಕೋತೀಯೇನವ್ವ?"

"ಕೊಂದದ್ದು ಅವನ ಹುಚ್ಚಿನ ಬ್ಯಾನಿರಿ, ಅಂವ ಅಲ್ಲ," ಎಂದಳು ನೀಲಮ್ಮ. "ಅವ್ವ ಸತ್ತಾಗ ಮೂರು ವರ್ಷದ ಕೂಸು ಇದ್ದ. ನಾನೇ ಬೆಳೆಸೇನಿ. ನಾನೇ ಇಟ್ಕೋತೇನ್ರಿ."

ಕಚೇರಿಯ ಭಾಷೆ ಉರ್ದು. ಅವಳು ಹೇಳಿದ್ದನ್ನು ಉರ್ದುವಿನಲ್ಲಿ ಬರೆದು, ಎಲ್ಲರೆದುರು ಕನ್ನಡದಲ್ಲಿ ಓದಿ ಹೇಳಿ, ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಹಾಳೆ ಮಡಚಿ ಚೀಲದಲ್ಲಿಟ್ಟವನು ಮರುದಿನ ಕಚೇರಿಯಲ್ಲೇ ಅದನ್ನು ಮತ್ತೆ ತೆರೆದದ್ದು.

ಬಯಾನಿನ ಕೆಳಗೆ ಕನ್ನಡದಲ್ಲಿ ಒಂದು ಸಾಲಿತ್ತು: "ಅವನು ಬಂದ ಒಂಬತ್ತನೆಯ ದಿನ ನಾನು ಇರುವುದಿಲ್ಲ."

ಅಕ್ಷರ ನನ್ನದು. ನಾನು ಬರೆಯುವ ಹಾಗೆಯೇ "ನ" ಸ್ವಲ್ಪ ಬಲಕ್ಕೆ ವಾಲಿತ್ತು. ಯಾರೋ ಆಮೇಲೆ ಸೇರಿಸಿದರೆನ್ನೋಣವೆಂದರೆ, ಹೆಬ್ಬೆಟ್ಟಿನ ಮಸಿ ಕೊನೆಯ ಅಕ್ಷರದ ಮೇಲೆ ಬಿದ್ದಿತ್ತು. ಅಂದರೆ ಅವಳು ಹೆಬ್ಬೆಟ್ಟು ಒತ್ತುವ ಮೊದಲೇ ಆ ಸಾಲು ಅಲ್ಲಿತ್ತು. ಆದರೆ ನಾಲ್ಕು ಜನರೆದುರು ನಾನು ಓದಿ ಹೇಳಿದಾಗ ಅದು ಇರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಇಜೇರಿಗೆ ಹೋದೆ. ಪಾಟೀಲರು ಅಂಥ ಮಾತು ಯಾರೂ ಆಡಿಲ್ಲವೆಂದರು. ನೀಲಮ್ಮನ ಮನೆಗೆ ಹೋಗಿ ಆ ಸಾಲನ್ನು ಅವಳಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನಾ ಅಂದಿಲ್ರಿ. ಈ ಸಾಲು ಇದ್ರ ಅವನ್ನ ಬಿಡ್ತಾರೇನ್ರಿ?"

"ಬಿಡೋದಿಲ್ಲ ತಾಯಿ."

"ಹಂಗಿದ್ರ ಬ್ಯಾರೆ ಕಾಗದ ಬರೀರಿ ಸಾಹೇಬ್ರ. ಒಂಬತ್ತ ದಿನಾನರ ಅಂವ ನನ್ನ ಕೈಯಾಗಿನ ರೊಟ್ಟಿ ಉಣ್ಲಿ."

ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಪಾಟೀಲರನ್ನು ಕರೆಸಿ, ಬೇರೆ ಹಾಳೆಯಲ್ಲಿ ಬಯಾನು ಬರೆದು, ಮತ್ತೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಹಳೆಯ ಹಾಳೆಯನ್ನು ನನ್ನ ಕೈಯಾರೆ ಅವಳ ಒಲೆಗೆ ಹಾಕಿದೆ.

ಮೂರು ತಿಂಗಳಿಗೆ ಬಿಡುಗಡೆಯ ಹುಕುಂ ಬಂತು. ಒಬ್ಬ ಜವಾನ ಶಿವಶರಣಪ್ಪನನ್ನು ಕರೆತಂದು ಅಕ್ಕನಿಗೆ ಒಪ್ಪಿಸಿದ. ಅಂದಿನಿಂದ ನಾನು ದಿನ ಎಣಿಸತೊಡಗಿದೆ. ಊರಿಗೆ ಬಂದ ಹತ್ತು ದಿನದೊಳಗೆ ಅವನು ಕಚೇರಿಗೆ ಬಂದು ಹಾಜರಿ ಕೊಡಬೇಕೆಂಬ ನಿಯಮವಿತ್ತು. ನಾನು ಬೇಕೆಂದೇ ಒಂಬತ್ತನೆಯ ದಿನಕ್ಕೆ ಬರಹೇಳಿ ಕಳಿಸಿದೆ. ಆ ದಿನ ಅವನು ಅಕ್ಕನಿಂದ ದೂರ, ನನ್ನ ಕಣ್ಣೆದುರು ಇದ್ದರೆ ಏನೂ ಆಗಲಾರದು ಎಂದು ನನ್ನ ಲೆಕ್ಕ.

ಸಿಕ್ಕಿದ ಬಂಡಿ ಹತ್ತಿ ಅವನು ಬೆಳಿಗ್ಗೆಯೇ ಬಂದ. ಒಗೆದ ಧೋತರ, ನುಣ್ಣಗೆ ಬೋಳಿಸಿದ ಮುಖ, ಮೆಲ್ಲಗಿನ ಮಾತು. ಹಾಜರಿ ಬರೆದುಕೊಳ್ಳಲು ಒಂದು ನಿಮಿಷ ಸಾಕಿತ್ತು. ಆದರೆ ತಹಸೀಲ್ದಾರ ಸಾಹೇಬರು ನೋಡಬೇಕು, ಕೂಡು ಎಂದು ಸುಳ್ಳು ಹೇಳಿದೆ. ಅವನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ. ಊಟದ ಹೊತ್ತಿಗೆ ಎದ್ದು ಬಂದು ಬಾಗಿಲಲ್ಲಿ ನಿಂತ.

"ಸಾಹೇಬ್ರ, ಹೋಗ್ಲೇನ್ರಿ? ಲಗೂನ ಬರ್ತೇನಿ ಅಂತ ಅಕ್ಕಗ ಹೇಳಿ ಬಂದೇನ್ರಿ. ಬಾವಿಂದ ನೀರು ಸೇದಬೇಕು. ಅಕೀ ಕೈ ನೋಯ್ತಾವ್ರಿ, ನಾ ಬಂದಾಗಿಂದ ನಾನೇ ಸೇದಾಕತ್ತೇನಿ."

"ಇನ್ನೂ ಸ್ವಲ್ಪ ಕೂಡು," ಎಂದೆ. ಎರಡು ಸಲ ಕೇಳಿದ. ಎರಡು ಸಲವೂ ಕೂಡಿಸಿದೆ. ಹೊತ್ತು ಇಳಿಯುತ್ತ ಬಂದ ಹಾಗೆ ನನ್ನ ಮನಸ್ಸು ಹಗುರವಾಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಇಜೇರಿಯಿಂದ ಕುದುರೆ ಮೇಲೆ ತಳವಾರ ಬಂದ. ನೀಲಮ್ಮ ಮಧ್ಯಾಹ್ನದ ಮೇಲೆ ತಾನೇ ಹಗ್ಗ, ಕೊಡ ತೆಗೆದುಕೊಂಡು ಬಾವಿಗೆ ಹೋಗಿದ್ದಳಂತೆ. ಕಾಲು ಜಾರಿತೋ ಏನೋ, ಬಾವಿಯೊಳಗೆ ಬಿದ್ದಳು; ಮೇಲೆತ್ತುವಷ್ಟರಲ್ಲಿ ಜೀವ ಹೋಗಿತ್ತು. ತಮ್ಮ ಬಂದಾನೆಂದು ಬಾಗಿಲಲ್ಲಿ ಬಹಳ ಹೊತ್ತು ದಾರಿ ನೋಡಿದಳೆಂದು ನೆರೆಯವರು ಹೇಳಿದರಂತೆ.

ಊರೆಲ್ಲ ಒಂದೇ ಮಾತು: ಅಕ್ಕನ ಗಂಡನನ್ನು ನುಂಗಿದವ ಈಗ ಅಕ್ಕನನ್ನೂ ನುಂಗಿದ. ಅವನು ಆ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನೆದುರು ಕುಳಿತಿದ್ದನೆಂದು ನಾನೇ ಸಾಕ್ಷಿ ಹೇಳಿದೆ. ಅದರಿಂದ ಅವನ ಮೇಲೆ ಗುನ್ಹೆ ಬರಲಿಲ್ಲ. ಆದರೆ ಇಟ್ಟುಕೊಳ್ಳುವವರು ಇಲ್ಲದ ಮೇಲೆ ಅವನನ್ನು ದವಾಖಾನೆಗೆ ತಿರುಗಿ ಕಳಿಸಬೇಕು. ಆ ಕಾಗದವನ್ನೂ ನಾನೇ ಬರೆದೆ.

ಆ ಬಯಾನಿನ ವಿಷಯ ಮೇಲಧಿಕಾರಿಗಳಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನನ್ನೂ ಅದೇ ದವಾಖಾನೆಗೆ ಕಳಿಸುತ್ತಿದ್ದರೇನೋ. ಆ ಸಾಲು ಇರದಿದ್ದರೆ ನಾನು ಅವನನ್ನು ಕೂಡಿಸಿಕೊಳ್ಳುತ್ತಿರಲಿಲ್ಲ. ಕೂಡಿಸಿಕೊಳ್ಳದಿದ್ದರೆ ಅವನು ಹೋಗಿ ನೀರು ಸೇದುತ್ತಿದ್ದ. ಹಾಗಾದರೆ ಅದನ್ನು ಬರೆದವರು ನಮ್ಮನ್ನು ಎಚ್ಚರಿಸಲು ಬರೆದರೋ, ನನ್ನ ಕೈಯಿಂದ ಈ ಕೆಲಸ ಮಾಡಿಸಲು ಬರೆದರೋ? ನನಗೆ ಇಂದಿಗೂ ತಿಳಿದಿಲ್ಲ. ಬರೆದದ್ದು ನನ್ನ ಕೈಯೇ ಎಂದಾದರೆ, ಆ ಕೈ ಆ ಕ್ಷಣ ಯಾರ ಮಾತು ಕೇಳುತ್ತಿತ್ತು?

ಹೊರಡುವ ದಿನ ಶಿವಶರಣಪ್ಪ ಅಳಲಿಲ್ಲ, ಕೂಗಲಿಲ್ಲ. ಬಂಡಿ ಹತ್ತುವ ಮೊದಲು ನನ್ನ ಹತ್ತಿರ ಬಂದು ಕೈ ಮುಗಿದ.

"ಸಾಹೇಬ್ರ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ನನ್ನ ಯಾಕ್ ಕೂಡಿಸ್ಕೊಂಡ್ರಿ?"

ಅವನನ್ನು ಕಳಿಸುವ ಕಾಗದವನ್ನು ಮಡಚಿ ಜವಾನನ ಕೈಗೆ ಕೊಟ್ಟೆ. ಜವಾನ ಕರೆದನೆಂದು ಅವನು ಹೋಗಿ ಬಂಡಿಯಲ್ಲಿ ಕುಳಿತ.