ಒಂದೇ ಸೈಜು ಉಳಿದಿದ್ದ ಕ್ರ್ಯಾಂಕು

ನಮ್ಮ ಲಾರಿಗೆ ನನ್ನ ಮದುವೆಗಿಂತ ಹೆಚ್ಚು ವಯಸ್ಸು. ನಮ್ಮೂರು ಆದಿವಾಲದಿಂದ ತೆಂಗಿನಕಾಯಿ, ಮೆಕ್ಕೆಜೋಳ ಹೊತ್ತು ಹೋಗುವುದು ಅದರ ಕೆಲಸ. ಓಡಿಸುವವರು ನಮ್ಮ ಯಜಮಾನರೇ. ಹೋದ ವರ್ಷ ಎಂಜಿನ್ನಿನ ಒಳಗಿಂದ ಒನಕೆಯಲ್ಲಿ ಕುಟ್ಟಿದಂಥ ಸದ್ದು ಬರತೊಡಗಿತು. ಊರಿನ ಮೆಕ್ಯಾನಿಕ್ ನಮ್ಮ ಅಂಗಳದಲ್ಲೇ ಅದನ್ನು ಬಿಚ್ಚಿ ಹರಡಿದ. ಪಿಸ್ಟನ್ನುಗಳನ್ನೆಲ್ಲ ಆಡಿಸುವ, ಅಂಕುಡೊಂಕಾದ ಉಕ್ಕಿನ ದಂಡ, ಕ್ರ್ಯಾಂಕು, ಗೀರು ಬಿದ್ದು ಸವೆದಿತ್ತು. ಸವೆದ ಕಡೆ ಕೂದಲೆಳೆಯಷ್ಟು ಅರೆದು ನುಣುಪು ಮಾಡಿ, ಅದಕ್ಕೆ ತಕ್ಕ ದಪ್ಪದ ಬೇರಿಂಗು ಕೂರಿಸುತ್ತಾರಂತೆ. ಹಾಗೆ ಅರೆಯಲು ಇರುವುದು ನಾಲ್ಕೇ ಸೈಜು, ಅಂದರೆ ನಾಲ್ಕೇ ಸಲ. ನಮ್ಮದರಲ್ಲಿ ಮೂರು ಮುಗಿದಿದ್ದವು.

"ಇದೊಂದೇ ಉಳಿದಿರೋದಕ್ಕ," ಎಂದ ಮೆಕ್ಯಾನಿಕ್. "ಅರೆಯೋನ ಕೈ ತಪ್ಪಿದ್ರೆ ಗುಜರಿಗೆ. ಕೆಟ್ಟದಾಗಿ ಅರೆದು ಕೊಟ್ಟು, ಲೋಡಿನಾಗೆ ಇಳಿಜಾರಲ್ಲಿ ಮುರೀತು ಅಂತಿಟ್ಕ. ಎಂಜಿನ್ ಸತ್ರೆ ಬ್ರೇಕೂ ಸರಿಯಾಗಿ ಹಿಡಿಯಲ್ಲ. ಅಣ್ಣ ಒಳಗೆ ಕುಂತಿರ್ತಾನೆ."

ಅವನ ಅಣ್ಣ, ಅಂದರೆ ನಮ್ಮ ಯಜಮಾನರು, ಆಗ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಂಚದ ಮೇಲಿದ್ದರು. ಹಾಗಾಗಿ ನಂಬಿಕಸ್ತ ಲೇತ್ ಅಂಗಡಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮತ್ತೆಗೆ ಒಂದು ಪದ್ಧತಿ: ಮನೆಯ ಕಬ್ಬಿಣ ರಿಪೇರಿಗೆ ಹೋಗುವಾಗ ಬರಿ ಹಣೆಯಲ್ಲಿ ಹೋಗಬಾರದು. ಕುಡುಗೋಲಾದರೂ ಸರಿ, ಕ್ರ್ಯಾಂಕಾದರೂ ಸರಿ. ಅದರ ತುದಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಪಕ್ಕದ ಮನೆಯ ಲಗೇಜ್ ಆಟೊದಲ್ಲಿ ಅದನ್ನು ಮಲಗಿಸಿಕೊಂಡು ನಾನೂ ಮೆಕ್ಯಾನಿಕ್ಕೂ ಹೊರಟೆವು.

ಮೊದಲು ಹೋಗಿದ್ದು ಚಿತ್ರದುರ್ಗದ ಒಂದು ಅಂಗಡಿಗೆ. ಗೋಡೆ ಮೊಣಕಾಲಿನ ಎತ್ತರದವರೆಗೆ ಕೆಂಪಗಿತ್ತು. ಬಣ್ಣವಲ್ಲ, ಗುಟ್ಕಾ. ಕಬ್ಬಿಣದ ಪುಡಿ ಬೀಳುವ ತಗಡಿನ ಡಬ್ಬಿಯೊಳಗೂ ಅದೇ. ಕನ್ನಡಕ ಹಾಕಿದ ಮಾಲೀಕ ನನ್ನನ್ನು ಬಿಟ್ಟು ಮೆಕ್ಯಾನಿಕ್ಕಿಗೆ ಕೇಳಿದ, "ಇವ್ರ್ಯಾಕೆ ಬಂದ್ರು?" ಆಮೇಲೆ ನನಗೆ, "ಸೀರೆ ಕೊಳೆ ಆಗ್ತೈತೆ ಅಕ್ಕಾರೆ, ಆಟೋದಾಗೆ ಕುಂತ್ಕಳ್ರಿ."

ನಾನು ಕೂರಲಿಲ್ಲ. ಅವನು ದಪ್ಪ ಅಳೆಯುವ ಮೈಕ್ರೋಮೀಟರಿನ ಪೆಟ್ಟಿಗೆ ತೆರೆದ. ಉಪಕರಣ ಮಲಗಬೇಕಾದ ಮಖಮಲ್ಲಿನ ಗುಳಿಯಲ್ಲಿ ಗುಟ್ಕಾ ಪೊಟ್ಟಣಗಳಿದ್ದವು. ಒಂದನ್ನು ಹರಿದು ಬಾಯಿಗೆ ಸುರಿದುಕೊಂಡು, ಜಿಡ್ಡನ್ನೂ ಒರೆಸದೆ, ಹಲ್ಲು ಸವೆದ ಇನ್ಯಾವುದೋ ಅಳತೆ ಇಕ್ಕಳದಲ್ಲಿ ಅಳೆದ. ನಾನು ಓದಿದ ಕಾನ್ವೆಂಟ್ ಶಾಲೆಯ ಪ್ರಯೋಗಾಲಯದಲ್ಲಿ ಒರೆಸದ ತಂತಿ ಅಳೆದರೆ ನಮ್ಮ ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಲ್ಲಿ ಬಡಿಯುತ್ತಿದ್ದರು. ಕ್ರ್ಯಾಂಕಿನ ಒಂದು ಮೂಲೆಯಲ್ಲಿ ಅವನ ಕೈ ನಿಂತಿತು. ಉಗುರಿನಿಂದ ಕೆರೆದು ನೋಡಿದ, ಉಗಿದ. "ನಾಳೆ ಸಂಜೆ ಬರ್ರಿ, ಕನ್ನಡಿ ಮಾಡಿ ಕೊಡ್ತೀನಿ."

ಕ್ರ್ಯಾಂಕನ್ನು ಮತ್ತೆ ಆಟೊಗೆ ಹಾಕಿಸಿದೆ.

ಹೊಳಲ್ಕೆರೆಯ ಅಂಗಡಿಯವನು ಎದ್ದು ಬಂದು ನೋಡಲೂ ಇಲ್ಲ. ಫೋನಿನಿಂದ ಕಣ್ಣು ತೆಗೆಯದೆ "ಬಿಟ್ಟೋಗ್ರಿ" ಎಂದ. ಬಿಡಲಿಲ್ಲ.

ಹಿರಿಯೂರಿನ ಅಂಗಡಿ ನೋಡಿದಾಗ ಜೀವ ಬಂತು. ಬಿಳಿ ಟೈಲ್ಸು, ಊದುಬತ್ತಿ, ಗಾಜಿನ ಕಪಾಟಿನಲ್ಲಿ ಸಾಲಾಗಿ ಬೇರಿಂಗು. ಇಸ್ತ್ರಿ ಅಂಗಿಯ ಮಾಲೀಕರು "ಕೂತ್ಕೊಳ್ಳಿ ಮೇಡಂ, ನಮ್ಮಲ್ಲಿ ಕ್ವಾಲಿಟಿ ಅಂದ್ರೆ ಕ್ವಾಲಿಟಿ" ಎಂದು ಕುರ್ಚಿ ಎಳೆದರು. ಹತ್ತು ವರ್ಷ ಪ್ರತಿ ಸೋಮವಾರ ಉಗುರು, ಕರವಸ್ತ್ರ, ಕಾಲುಚೀಲ ತೋರಿಸಿ ಬೆಳೆದವಳು ನಾನು. ಚೊಕ್ಕಟ ಇದ್ದಲ್ಲಿ ಸುಳ್ಳಿರುವುದಿಲ್ಲ ಎಂದು ನನ್ನ ಮೈಯೇ ನಂಬಿಬಿಟ್ಟಿದೆ. ಕ್ರ್ಯಾಂಕನ್ನು ಅಲ್ಲೇ ಬಿಟ್ಟು ಹೊರಗೆ ಬಂದ ಮೇಲೆ ಮೆಕ್ಯಾನಿಕ್ ಗೊಣಗಿದ, "ಇಷ್ಟು ಚೊಕ್ಕ ಇಟ್ಕಂಡ್ರೆ ಕೆಲಸ ಎಲ್ಲಿ ಮಾಡ್ತಾರಕ್ಕ?" ನಿನಗೆ ಗಲೀಜೇ ಆಗಬೇಕು ಎಂದು ಅವನನ್ನು ಗದರಿದೆ.

ಮೂರನೆಯ ದಿನ ಹೋದಾಗ ಮಾಲೀಕರು "ಮಷಿನ್ ಮೇಲಿದೆ ಮೇಡಂ, ಇನ್ನೊಂದು ದಿನ" ಎಂದರು. ಕೈ ತೊಳೆಯಲು ಹಿತ್ತಲಿಗೆ ಹೋದೆ. ಅರೆಯುವ ಮಷಿನ್ನು ಅಲ್ಲೇ ಇತ್ತು. ಅದರ ಹಿಡಿಕೆಗೆ ಮಕ್ಕಳ ಯೂನಿಫಾರಂ ಒಣಹಾಕಿದ್ದರು. ಕ್ರ್ಯಾಂಕು ಇರಬೇಕಾದ ಎರಡು ತುದಿಗಳ ನಡುವೆ ಜೇಡರ ಬಲೆ. ಪಾತ್ರೆ ತೊಳೆಯುತ್ತಿದ್ದ ಹೆಂಗಸನ್ನು ಕೇಳಿದೆ.

"ಅದಾ? ಕೆಟ್ಟು ಎಷ್ಟೋ ದಿನ ಆತು," ಎಂದಳು. "ಇಲ್ಲಿಗೆ ಬಂದಿದ್ದೆಲ್ಲ ದುರ್ಗಕ್ಕೇ ಹೋಗದು ಕಣ್ರವ್ವ."

ಯಾವ ಅಂಗಡಿ ಎಂದು ಕೇಳಿಕೊಂಡು, ಅದೇ ಆಟೊದಲ್ಲಿ ಚಿತ್ರದುರ್ಗಕ್ಕೆ ಹೋದೆವು. ಕೆಂಪು ಗೋಡೆಯ ಅಂಗಡಿಯೇ. ನೆಲದ ಮೇಲೆ ನಾಲ್ಕಾರು ಕ್ರ್ಯಾಂಕುಗಳು ಸೌದೆಯ ಹಾಗೆ ಬಿದ್ದಿದ್ದವು. ಅತ್ತೆಯ ವಿಭೂತಿಯಿಂದ ನಮ್ಮದನ್ನು ಗುರುತು ಹಿಡಿದೆ. ಅದಿನ್ನೂ ಮಷಿನ್ನು ಏರಿರಲಿಲ್ಲ. ಕುಂಕುಮದ ಮೇಲಿಂದ ಇನ್ನೊಂದು ಕೆಂಪು, ಹಸಿಯಾಗಿ, ದಾರದಂತೆ ಇಳಿದಿತ್ತು. ಕರವಸ್ತ್ರದಿಂದ ಒರೆಸಿ, ಕರವಸ್ತ್ರವನ್ನು ಅಲ್ಲೇ ಬಿಸಾಡಿದೆ.

"ಮೊದ್ಲೇ ಬಿಟ್ಟಿದ್ರೆ ಆಗಿರೋದಲ್ರಿ ಅಕ್ಕಾರೆ," ಮಾಲೀಕ ನಕ್ಕ. "ಹಿರಿಯೂರು ತೋರ್ಸಿ ಕರ್ಕಂಡ್ ಬರ್ಬೇಕಿತ್ತಾ ಅದ್ನ?"

ಕ್ರ್ಯಾಂಕನ್ನು ಎತ್ತಿಸಿ ಮತ್ತೆ ಆಟೊಗೆ ಹಾಕಿಸಿದೆ. ಉಗಿದವನಿಗಿಂತ ಆ ಬಿಳಿ ಟೈಲ್ಸಿನವರನ್ನು ನೆನೆದೇ ಹೆಚ್ಚು ಹೇಸಿಗೆಯಾಯಿತು.

ಹೊಸದುರ್ಗದಲ್ಲಿ ಕ್ರ್ಯಾಂಕು ಅರೆಯುವ ಒಬ್ಬ ಅಜ್ಜನ ವಿಷಯ ಮೆಕ್ಯಾನಿಕ್ಕಿಗೆ ಮೊದಲೇ ಗೊತ್ತಿತ್ತಂತೆ. "ನೀನು ಅಲ್ಲಿ ಕಾಲಿಡಲ್ಲ ಅಂತ ಹೇಳಿರ್ಲಿಲ್ಲ" ಎಂದ. ನಿಜ. ತಗಡಿನ ಶೆಡ್ಡು, ಹೊಗೆ ಹಿಡಿದ ಸೂರು, ಮಷಿನ್ನಿನ ಕಾಲ ಸಂದಿಯಲ್ಲಿ ಕೋಳಿಗಳು, ಅವುಗಳ ಹಿಕ್ಕೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ. ಅಜ್ಜ ನನ್ನ ಕಡೆ ನೋಡುವ ಮೊದಲು ಆಟೊದ ಕಡೆ ನೋಡಿ ಕೂಗಿದ.

"ಯಾಕಲೇ ಮಲಗಿಸ್ಕಂಡ್ ಬಂದಿ? ಅದೇನು ಬಾಣಂತಿಯಾ? ನಿಲ್ಸಲೇ! ಮಲಗಿಸಿದ್ರೆ ಬಾಗ್ತೈತೆ."

ಕ್ರ್ಯಾಂಕನ್ನು ಗೋಡೆಗೆ ನಿಲ್ಲಿಸಿ ಹಗ್ಗದಿಂದ ಕಟ್ಟಿದರು. ಅಜ್ಜ ಅದನ್ನು ತೊಳೆದು, ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿದ. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಮೈತುಂಬ ಉದುರಿಸಿದ, ಎಳೆಮಗುವಿಗೆ ಪೌಡರು ಹಾಕಿದ ಹಾಗೆ.

"ಕುಂತ್ಕಳ್ರಿ ತಾಯಿ. ಟೀ ಕುಡಿಯಾಣ. ಅಲ್ಲಿಗಂಟ ಮುಟ್ಟಬ್ಯಾಡ್ರಿ ಅದನ್ನ."

ಟೀ ಲೋಟದ ಅಂಚಿನಲ್ಲಿ ಎಣ್ಣೆಯ ಬಳೆ ತೇಲುತ್ತಿತ್ತು. ಕುಡಿದ ಹಾಗೆ ಮಾಡಿ ಕೆಳಗಿಟ್ಟೆ. ಅಷ್ಟರಲ್ಲಿ ಬಿಳಿ ಪುಡಿಯ ಮೇಲೆ, ಒಂದು ಮೂಲೆಯಲ್ಲಿ, ರೆಪ್ಪೆಗೂದಲಿನಂಥ ಒದ್ದೆ ಗೆರೆ ಮೂಡಿತು. ಒಳಗೆ ಇಳಿದಿದ್ದ ಸೀಮೆಎಣ್ಣೆ ಬಿರುಕಿನಿಂದ ಮೆಲ್ಲಗೆ ಹೊರಗೆ ಬರುತ್ತಿತ್ತು.

"ಇದನ್ನ ನಾನು ಅರೆಯಲ್ಲ," ಎಂದ ಅಜ್ಜ.

"ಒಂದು ಸೈಜು ಉಳಿದಿದೆಯಲ್ಲ?"

"ಸೈಜು ಉಳಿದೈತೆ. ಕ್ರ್ಯಾಂಕು ಉಳಿದಿಲ್ಲ."

ಅಷ್ಟು ಸುತ್ತಿ ಬಂದ ನನ್ನ ತಲೆಗೆ ಆಗ ಹೊಳೆದದ್ದು ಒಂದೇ: ಇವನೂ ಏನೋ ಮಾರಲು ನೋಡುತ್ತಿದ್ದಾನೆ. "ಬೇರೆ ಕ್ರ್ಯಾಂಕು ನಿಮ್ಮ ಹತ್ತಿರವೇ ಇರಬೇಕಲ್ಲ?" ಎಂದೆ.

"ನನ್ನತ್ರ ಕೋಳಿ ಅವೆ. ಬೇಕೇನ್ರಿ?"

ಮೆಕ್ಯಾನಿಕ್ ಬಾಯಿ ಮುಚ್ಚಿಕೊಂಡು ನಕ್ಕ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ದುರ್ಗದ ಗುಜರಿಯಲ್ಲಿ ಹಳೆಯದೊಂದನ್ನು ಹುಡುಕಿ ತನ್ನಿ, ಕೊಳ್ಳುವ ಮೊದಲು ಇದೇ ಪರೀಕ್ಷೆ ಮಾಡಿ ಎಂದು ಅಜ್ಜ ಹೇಳಿಕೊಟ್ಟ.

ಆ ಗುಜರಿ ಇದ್ದದ್ದು ಕೆಂಪು ಗೋಡೆಯ ಅಂಗಡಿಯ ಎದುರಿಗೇ. ಗುಟ್ಕಾ ಮಾಲೀಕ ನಮ್ಮನ್ನು ಕಂಡು ರಸ್ತೆ ದಾಟಿ ಬಂದ. "ಏನಾತ್ರಿ ಅಕ್ಕಾರೆ ನಿಮ್ ಕ್ರ್ಯಾಂಕು?"

"ಬಿರುಕು ಬಿಟ್ಟಿದೆ."

"ಆ ಮೂಲೇದಾ? ನೋಡಿದ್ದೆ ಬಿಡ್ರಿ."

"ನೋಡಿದ್ದಿರಾ? ನೋಡಿಯೂ ಅರೆದು ಕೊಡುತ್ತಿದ್ದಿರಾ? ನಮ್ಮ ಯಜಮಾನರು ಓಡಿಸೋ ಗಾಡಿ ಅದು."

"ಅರೆದಿದ್ರೆ ಕಾಣ್ತಿರ್ಲಿಲ್ಲ. ಆರು ತಿಂಗ್ಳು ಆರಾಮಾಗಿ ಓಡಿರೋದು," ಎಂದು ಪಕ್ಕಕ್ಕೆ ತಿರುಗಿ ಉಗಿದ. ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ಈರುಳ್ಳಿ ಕೊಳೆತಿರುವ ಕಡೆ ಕತ್ತರಿಸಿ ಎಸೆಯಿರಿ ಎನ್ನುವವರ ದನಿ.

ಗುಜರಿಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನೇ ಪುಡಿ ಉದುರಿಸಿದೆ. ಮೊದಲನೆಯದರ ಮೇಲೆ ಗೆರೆ ಮೂಡಿದ ಕೂಡಲೇ ಗುಜರಿಯವನು ಹೆಬ್ಬೆರಳಿನಿಂದ ತಿಕ್ಕಿಬಿಟ್ಟ. "ಧೂಳು ಕಣ್ರಿ!" ಮತ್ತೆ ಉದುರಿಸಿದೆ. ಮತ್ತೆ ಮೂಡಿತು. ಎರಡನೆಯದೂ ಅದೇ ಕಥೆ. ಮೂರನೆಯದು ಎಷ್ಟು ಕಾದರೂ ಬೆಳ್ಳಗೇ ಉಳಿಯಿತು. ಅದನ್ನು ಆಟೊದಲ್ಲಿ ನಿಲ್ಲಿಸಿಯೇ ಕಟ್ಟಿಸಿದೆ.

ಹೊಸದುರ್ಗದಲ್ಲಿ ಅಜ್ಜ ಅದನ್ನು ಇಳಿಸಿ, ಮಾತಾಡದೆ ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡ.

"ಅಕ್ಕ ಆಗಲೇ ನೋಡ್ಯಾಳಲ್ಲಜ್ಜ," ಎಂದ ಮೆಕ್ಯಾನಿಕ್.

"ಅವ್ರು ನೋಡಿದ್ದು ಅವ್ರಿಗೆ. ಅರೆಯೋನು ನಾನು."

ಪುಡಿ ಉದುರಿಸಿ, ಮತ್ತೆ ಟೀ ತರಿಸಿದ. ಗೆರೆ ಮೂಡಲಿಲ್ಲ. ಆಮೇಲೇ ಅವನು ಮೈಕ್ರೋಮೀಟರನ್ನು ಬನಿಯನ್ನಿಗೆ ಒರೆಸಿ ಕೈಗೆತ್ತಿಕೊಂಡದ್ದು.

ಮನೆಗೆ ಬಂದು ಮೂರು ಸಲ ಸೋಪು ಹಚ್ಚಿ ಕೈ ತೊಳೆದೆ. ಮಂಚದ ಮೇಲಿಂದ ಯಜಮಾನರು ಕೇಳಿದರು, "ಅಂಗಡಿ ಹೆಂಗೈತೆ?"

"ಗಲೀಜು. ನೆಲ ಪೂರ್ತಿ ಕೋಳಿ ಹಿಕ್ಕೆ."

"ಮತ್ತೆ ವಾಪಸ್ ತಂದ್ಯಾ?"

"ಇಲ್ಲ," ಎಂದೆ. "ಬಿಟ್ಟು ಬಂದೆ."